ನಿಟ್ಟೂರಿನ ಈರಪ್ಪನ ಕಫ

ಕಫ ಎಂಬ ಮಾತನ್ನು ಊಟಕ್ಕೆ ಕೂತಾಗ ಆಡಬಾರದು ಎಂದು ನನ್ನ ಹೆಂಡತಿ ಮದುವೆಯಾದ ಮೂರನೆಯ ದಿನವೇ ಕಟ್ಟಪ್ಪಣೆ ಮಾಡಿದಳು. ನಾನು ಒಪ್ಪಿಕೊಂಡೆ. ಹಾಗಾಗಿ ನಾನು ಮಾಡುತ್ತಿದ್ದ ಕೆಲಸ ಏನೆಂಬುದು ನನ್ನ ಮಕ್ಕಳಿಗೆ ಹೈಸ್ಕೂಲು ಮುಟ್ಟುವವರೆಗೂ ಸರಿಯಾಗಿ ತಿಳಿದಿರಲಿಲ್ಲ. ಮಗಳು ಒಮ್ಮೆ ಶಾಲೆಯ ಪ್ರಬಂಧದಲ್ಲಿ ‘ನಮ್ಮ ತಂದೆಯವರು ಆಸ್ಪತ್ರೆಯಲ್ಲಿ ಗಾಜು ತೊಳೆಯುತ್ತಾರೆ’ ಎಂದು ಬರೆದಿದ್ದಳು. ಅದರಲ್ಲಿ ತಪ್ಪೇನೂ ಇರಲಿಲ್ಲ. ದಿನದ ಅರ್ಧ ಭಾಗ ಅದೇ ಕೆಲಸ.

ಉಳಿದರ್ಧ, ಕ್ಷಯವಿದೆಯೇ ಎಂದು ಜನರ ಕಫವನ್ನು ಮೈಕ್ರೋಸ್ಕೋಪಿನಲ್ಲಿ ನೋಡುವುದು. ಎಪ್ಪತ್ತರ ದಶಕದಲ್ಲಿ ಹೊಸನಗರ, ಆಮೇಲೆ ತೀರ್ಥಹಳ್ಳಿ, ಎಂಬತ್ತರ ದಶಕದಲ್ಲಿ ಸಾಗರ. ಈಗ ಈ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ಕೆಲವೊಮ್ಮೆ ಮನೆಗೆ ಬರುತ್ತಾರೆ. ಕ್ಷಯವನ್ನು ಮುಗಿಸುತ್ತೇವೆ ಎಂಬ ಬ್ಯಾಡ್ಜು ಎದೆಯ ಮೇಲಿರುತ್ತದೆ. ‘ನಿಮ್ಮ ಕಾಲದಲ್ಲಿ ಹೇಗಿತ್ತು ಸಾರ್?’ ಎಂದು ಕೇಳುತ್ತಾರೆ. ಹೆಂಡತಿ ಕಾಫಿ ತರುವುದರೊಳಗೆ ಹೇಳಿ ಮುಗಿಸಬೇಕಾದ್ದರಿಂದ ಈವರೆಗೆ ಯಾರಿಗೂ ಪೂರ್ತಿ ಹೇಳಲು ಆಗಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ಹೊಸನಗರದಲ್ಲಿ ನನಗೆ ಕೊಟ್ಟ ಮೈಕ್ರೋಸ್ಕೋಪಿಗೆ ಒಂದೇ ಕಣ್ಣು. ಅಡಿಯಲ್ಲೊಂದು ಪುಟ್ಟ ಕನ್ನಡಿ. ಆ ಕನ್ನಡಿಯನ್ನು ಕಿಟಕಿಯ ಕಡೆ ತಿರುಗಿಸಿ, ಬೆಳಕನ್ನು ಹಿಡಿದು, ಗಾಜಿನ ಸ್ಲೈಡಿನೊಳಗೆ ಹಾಯಿಸಿ ನೋಡಬೇಕು. ನೀಲಿ ಹಿನ್ನೆಲೆಯಲ್ಲಿ ಕೆಂಪು ಕಡ್ಡಿಗಳು ಕಂಡರೆ ಕ್ಷಯದ ಕ್ರಿಮಿ. ಈ ಯಂತ್ರವನ್ನು ತಯಾರಿಸಿದವರು ಹೊಸನಗರದ ಜುಲೈ ತಿಂಗಳನ್ನು ನೋಡಿದವರಲ್ಲ. ಕರೆಂಟು ಇದ್ದರೆ ಬಲ್ಬಿನ ಬೆಳಕಿನಲ್ಲಿ ನೋಡಬಹುದಿತ್ತು. ಕರೆಂಟು ಇದ್ದರೆ. ಇಲ್ಲದ ದಿನ ನಾನು ಮೈಕ್ರೋಸ್ಕೋಪನ್ನು ಎತ್ತಿಕೊಂಡು ಹೋಗಿ ಜಗಲಿಯಲ್ಲಿ ಕೂತು, ಮೋಡ ಸರಿಯುವುದನ್ನೇ ಕಾಯುತ್ತಿದ್ದೆ. ಬಂದವರು ನಾನು ಆಕಾಶ ನೋಡುತ್ತ ಸಂಬಳ ತೆಗೆದುಕೊಳ್ಳುವವನು ಎಂದುಕೊಳ್ಳುತ್ತಿದ್ದರು. ಮಳೆಗಾಲದಲ್ಲಿ ನಮ್ಮ ತಾಲ್ಲೂಕಿನಲ್ಲಿ ಕ್ಷಯ ಕಡಿಮೆಯಾಗುತ್ತದೆ ಎಂದು ಮೇಲಿನ ಕಚೇರಿಯಲ್ಲಿ ಒಬ್ಬರು ಬಹುಕಾಲ ನಂಬಿದ್ದರು. ನಮ್ಮ ವರದಿ ಹಾಗೆಯೇ ಹೇಳುತ್ತಿತ್ತು. ಕಡಿಮೆಯಾಗುತ್ತಿದ್ದುದು ಬೆಳಕು.

ನನ್ನ ಮೊದಲ ತಪ್ಪು ಮೊದಲ ವಾರದಲ್ಲೇ ಆಯಿತು. ಒಂದೇ ಊರಿನಿಂದ ಏಳೆಂಟು ಡಬ್ಬಿಗಳಲ್ಲಿ ಕಫ ಬಂದಿತ್ತು. ಎಲ್ಲವೂ ಕೆಂಪು. ನಾನು ಗಾಬರಿಯಾಗಿ ಎಲ್ಲರ ಚೀಟಿಯಲ್ಲೂ ‘ಕಫದಲ್ಲಿ ರಕ್ತ’ ಎಂದು ಬರೆದು ವೈದ್ಯರ ಮೇಜಿನ ಮೇಲಿಟ್ಟೆ. ಆಗಿನ ವೈದ್ಯರು ವಯಸ್ಸಾದವರು. ಚೀಟಿಗಳನ್ನು ಒಂದೊಂದಾಗಿ ನೋಡಿ, ‘ಬಯಲುಸೀಮೆಯವರೇನ್ರೀ ನೀವು?’ ಎಂದು ಕೇಳಿದರು. ಹೌದೆಂದೆ. ‘ಇಲ್ಲಿ ಜನ ಹಲ್ಲು ಉಜ್ಜೋಕ್ ಮುಂಚೆ ಎಲೆ ಅಡಿಕೆ ಕವಳ ಹಾಕ್ತಾರೆ. ಬಾಯಿ ತೊಳ್ಸಿ ಮತ್ತೆ ಕಫ ತಗೊಳ್ಳಿ’ ಎಂದರು. ಅಂದಿನಿಂದ ಕಫ ಕೊಡುವ ಮೊದಲು ಬಾಯಿ ಮುಕ್ಕಳಿಸಬೇಕು ಎಂದು ಒಂದು ಹಲಗೆ ಬರೆಸಿ ಹಾಕಿದೆ. ಜನ ಅದನ್ನು ಓದಿ, ಬಾಯಿ ಮುಕ್ಕಳಿಸಿ, ಮತ್ತೊಂದು ಕವಳ ಹಾಕಿಕೊಂಡು ಬರುತ್ತಿದ್ದರು.

ಇನ್ನು ಬಸ್ಸಿನ ವಿಷಯ. ಕಫ ಬೆಳಗಿನದಾಗಬೇಕು, ಎದ್ದ ಕೂಡಲೇ ಕೆಮ್ಮಿ ತೆಗೆದದ್ದು. ನಿಟ್ಟೂರಿನ ಕಡೆಯ ಕೆಮ್ಮಿನವರು ಬೆಳಗಿನ ಕಫ ಹಿಡಿದುಕೊಂಡು ಹೊಸನಗರಕ್ಕೆ ಬರಬೇಕಾದರೆ ಒಂದು ದಿನದ ಕೂಲಿ ಹೋಗುತ್ತಿತ್ತು. ಅವರು ಬರುತ್ತಿರಲಿಲ್ಲ. ಅದಕ್ಕೆ ಒಂದು ಉಪಾಯ ಮಾಡಿದ್ದೆವು. ನಿಟ್ಟೂರಿನಲ್ಲಿ ನಮ್ಮ ದಾದಿಯೊಬ್ಬರು ಡಬ್ಬಿಗಳನ್ನು ಸಂಗ್ರಹಿಸಿ, ಹೆಸರು ಬರೆದ ಚೀಟಿ ಅಂಟಿಸಿ, ಮುಚ್ಚಳವಿದ್ದ ಮರದ ಪೆಟ್ಟಿಗೆಯಲ್ಲಿ ಜೋಡಿಸಿ ಬೆಳಗಿನ ಬಸ್ಸಿಗೆ ಕೊಡುವುದು. ಆ ಖಾಸಗಿ ಬಸ್ಸು ನಸುಕಿಗೇ ಹೊಸನಗರದಿಂದ ನಿಟ್ಟೂರಿಗೆ ಹೋಗಿ, ಬೆಳಗ್ಗೆ ಅಲ್ಲಿಂದ ಹೊರಟು, ಹೊಸನಗರದ ಮೇಲೆ ಸಾಗರಕ್ಕೆ ಹೋಗುತ್ತಿತ್ತು; ಸಂಜೆ ನಿಟ್ಟೂರಿಗೆ ಇನ್ನೊಂದು ಸುತ್ತು. ಆಸ್ಪತ್ರೆಯ ಹತ್ತಿರವೇ ಹತ್ತು ನಿಮಿಷ ನಿಲ್ಲುತ್ತಿತ್ತು. ಕಂಡಕ್ಟರ್ ಪೆಟ್ಟಿಗೆ ತಂದು ನನ್ನ ಕಿಟಕಿಯಲ್ಲಿಟ್ಟು ಹೋಗುತ್ತಿದ್ದ.

ಕಂಡಕ್ಟರನ ಹೆಸರು ಧರ್ಮಪ್ಪ. ಮೂವತ್ತೈದರ ಆಸುಪಾಸು, ಹೆಚ್ಚುಕಡಿಮೆ ನನ್ನದೇ ವಯಸ್ಸು. ಅವನ ಅಪ್ಪ ಗೇಣಿ ಮಾಡುತ್ತಿದ್ದವರು, ಜಮೀನು ಆಗಷ್ಟೇ ಅವರ ಹೆಸರಿಗೆ ಆಗಿತ್ತು. ಅದು ಅಣ್ಣತಮ್ಮಂದಿರಲ್ಲಿ ಹಂಚಿಹೋಗಿ ಇವನ ಪಾಲಿಗೆ ಬಂದದ್ದು ಒಂದು ತುಂಡು. ಹಾಗಾಗಿ ಬಸ್ಸೇ ಅವನ ಗದ್ದೆ. ಹೊಸನಗರದ ಅಂಚಿನಲ್ಲಿ ಹೆಂಡತಿ ಜಯಮ್ಮನೊಂದಿಗೆ ಬಾಡಿಗೆ ಮನೆಯಲ್ಲಿದ್ದ. ಆ ದಾರಿಯ ಜನರ ಔಷಧಿ, ಮದುವೆ ಕಾಗದ, ಬೀಜದ ಭತ್ತ, ತವರಿನ ಹಲಸಿನ ಹಣ್ಣು ಎಲ್ಲವೂ ಅವನ ಕೈಯಿಂದಲೇ ಹೋಗಿಬರುತ್ತಿತ್ತು. ನಮ್ಮ ಪೆಟ್ಟಿಗೆಯಲ್ಲಿ ಎಂತದು ಎಂದು ಯಾರಾದರೂ ಕೇಳಿದರೆ, ‘ಆಸ್ಪತ್ರೆ ಸಾಮಾನು, ಕೈ ಹಾಕ್ಬೇಡಿ’ ಎನ್ನುತ್ತಿದ್ದ. ಒಂದು ಕಾಸೂ ತೆಗೆದುಕೊಳ್ಳುತ್ತಿರಲಿಲ್ಲ.

ಹೀಗೆ ಬಂದ ಪೆಟ್ಟಿಗೆಯಲ್ಲಿ ಒಂದು ದಿನ ‘ಈರಪ್ಪ, ನಿಟ್ಟೂರು’ ಎಂಬ ಡಬ್ಬಿ ಇತ್ತು. ಸ್ಲೈಡು ಮಾಡಿ ನೋಡಿದೆ. ಕೆಂಪು ಕಡ್ಡಿಗಳು ಹುಡುಕಬೇಕಾಗಿಯೇ ಇರಲಿಲ್ಲ, ಕಣ್ಣಿಟ್ಟಲ್ಲೆಲ್ಲ ಇದ್ದವು. ಇಂಥವರು ಕೆಮ್ಮಿದರೆ ಎದುರಿಗೆ ಕೂತವರಿಗೂ ಅಂಟುತ್ತದೆ. ರೋಗಿ ಕೂಡಲೇ ಬಂದು ಚಿಕಿತ್ಸೆ ಶುರುಮಾಡಬೇಕು ಎಂದು ಬರೆದು ಧರ್ಮಪ್ಪನ ಕೈಗೆ ಕೊಟ್ಟೆ.

‘ಹೇಳ್ತೀನಿ ಸಾರ್’ ಎಂದ.

ನಾಲ್ಕು ದಿನ ಬಿಟ್ಟು ಕೇಳಿದೆ. ‘ಬರಕ್ಕಾಗಲ್ವಂತೆ ಸಾರ್. ಕೆಲ್ಸ ಅಂತೆ. ಮಾತ್ರೆ ಕೊಟ್ಬಿಡಿ, ನಾನೇ ಮುಟ್ಟಿಸ್ತೀನಿ.’

ಕೊಡಲಿಲ್ಲ. ರೋಗಿಯನ್ನು ಕಣ್ಣಾರೆ ನೋಡದೆ, ವಿಳಾಸ ಖಾತ್ರಿ ಮಾಡಿಕೊಳ್ಳದೆ ಮಾತ್ರೆ ಕೊಡಬಾರದು ಎಂಬುದು ನಿಯಮ. ಒಳ್ಳೆಯ ನಿಯಮವೇ. ಒಂದೂವರೆ ವರ್ಷ ನುಂಗಬೇಕಾದ ಔಷಧಿ, ಅರ್ಧದಲ್ಲಿ ಬಿಟ್ಟರೆ ರೋಗ ಮತ್ತಷ್ಟು ಹಟಮಾರಿಯಾಗುತ್ತದೆ. ನಾನು ಆ ನಿಯಮವನ್ನು ಧರ್ಮಪ್ಪನಿಗೆ ವಿವರವಾಗಿ ತಿಳಿಸಿದೆ. ಅವನು ತಲೆಯಾಡಿಸುತ್ತ ಕೇಳಿಸಿಕೊಂಡ. ಎರಡನೆಯ ವಾರವೂ ಕೇಳಿದ. ಮೂರನೆಯ ವಾರವೂ ಕೇಳಿದ. ‘ಪಾಪದವ್ನು ಸಾರ್, ಒಂದ್ ತಿಂಗಳದ್ದು ಕೊಡಿ ಸಾಕು’ ಎಂದ. ಇಷ್ಟೊಂದು ಪರೋಪಕಾರಿ ಕಂಡಕ್ಟರ್ ಇನ್ನೆಲ್ಲೂ ಸಿಗಲಿಕ್ಕಿಲ್ಲ ಎಂದು ನಾನು ಮನೆಯಲ್ಲಿ ಹೇಳಿದ್ದೂ ಉಂಟು, ಊಟದ ಹೊತ್ತಿನಲ್ಲಲ್ಲ.

ನಿಟ್ಟೂರಿಗೆ ಕಾರ್ಡು ಬರೆದೆ. ವಿಳಾಸದಾರರು ಸಿಗಲಿಲ್ಲ ಎಂದು ಹಿಂದಿರುಗಿ ಬಂತು. ದಾದಿಯನ್ನು ವಿಚಾರಿಸಿದೆ. ಆ ಡಬ್ಬಿ ತಾನು ಕೊಟ್ಟದ್ದಲ್ಲ, ಯಾರೋ ನೇರವಾಗಿ ಬಸ್ಸಿಗೆ ತಂದುಕೊಟ್ಟಿರಬೇಕು ಎಂದರು. ಆಗಾಗ ಹಾಗೂ ಆಗುತ್ತಿತ್ತು. ಕಡೆಗೆ ನಾನೇ ನಿಟ್ಟೂರಿಗೆ ಹೊರಟೆ. ಧರ್ಮಪ್ಪನ ಬಸ್ಸಿನಲ್ಲೇ ಹೋದೆ. ಮುಂದಿನ ಸೀಟು ಬಿಡಿಸಿಕೊಟ್ಟ.

ನಿಟ್ಟೂರಿನ ಸುತ್ತಮುತ್ತ ಮೂವರು ಈರಪ್ಪಂದಿರಿದ್ದರು. ಮೊದಲನೆಯವರಿಗೆ ಎಪ್ಪತ್ತು ದಾಟಿತ್ತು, ಗದ್ದೆಯಲ್ಲಿ ಹೂಡುತ್ತಿದ್ದರು, ಕೆಮ್ಮೇ ಇರಲಿಲ್ಲ. ಆದರೂ ‘ಇಷ್ಟ್ ದೂರ ಬಂದೀರಿ, ಬರಿಗೈಲಿ ಹೋಗೂದು ಬ್ಯಾಡ’ ಎಂದು ಕಷ್ಟಪಟ್ಟು ಕ್ಯಾಕರಿಸಿ ಡಬ್ಬಿ ತುಂಬಿಸಿಕೊಟ್ಟರು. ಎರಡನೆಯವರ ಮನೆಯಲ್ಲಿ ಅಂದು ಮಗಳನ್ನು ನೋಡಲು ಗಂಡಿನ ಕಡೆಯವರು ಬಂದು ಕೂತಿದ್ದರು. ನಾನು ಅಂಗಳದಲ್ಲಿ ನಿಂತು, ‘ಈರಪ್ಪನವರ ಮನೆ ಇದೇನಾ? ಟಿ.ಬಿ. ಆಸ್ಪತ್ರೆಯಿಂದ ಬಂದಿದ್ದೀನಿ’ ಎಂದೆ. ಒಳಗೆ ಅವಲಕ್ಕಿ ತಿನ್ನುತ್ತಿದ್ದವರೆಲ್ಲ ತಟ್ಟೆ ಕೆಳಗಿಟ್ಟ ಸದ್ದು ನನಗೆ ಕೇಳಿಸಿತು. ಆ ಸಂಬಂಧ ಕೂಡಿಬರಲಿಲ್ಲವಂತೆ. ಈರಪ್ಪನವರು ನನ್ನ ಮೇಲೆ ಮೇಲಿನ ಕಚೇರಿಗೆ ಅರ್ಜಿ ಬರೆದರು. ಬರೆದದ್ದು ನ್ಯಾಯವಾಗಿಯೇ ಇತ್ತು. ಹೊಸಬರು ಇದನ್ನು ನೆನಪಿಡಿ: ಅಂಗಳದಲ್ಲಿ ನಿಂತು ಬರೀ ಹೆಸರು ಕೇಳಿ, ರೋಗದ ಹೆಸರು ಹೇಳಬೇಡಿ. ಮೂರನೆಯ ಈರಪ್ಪ ಮಗಳ ಊರು ಸೇರಿ ಆರು ತಿಂಗಳಾಗಿತ್ತು.

ಸಂಜೆಯ ಬಸ್ಸಿಗೆ ಬಂದು ಕೂತೆ. ‘ಸಿಕ್ಕಿದ್ನಾ ಸಾರ್?’ ಎಂದು ಧರ್ಮಪ್ಪ ಕೇಳಿದ.

‘ಇಲ್ಲ ಮಾರಾಯ.’

‘ಛೆ’ ಎಂದ. ಟಿಕೇಟು ಹರಿಯುವಾಗ ಕೆಮ್ಮು ಬಂತು. ಕಂಬಿ ಹಿಡಿದುಕೊಂಡು, ಮುಖ ಕಿಟಕಿಯ ಕಡೆ ತಿರುಗಿಸಿ ಬಹಳ ಹೊತ್ತು ಕೆಮ್ಮಿದ. ಮುಗಿದ ಮೇಲೆ ಟವಲಿನಿಂದ ಬಾಯಿ ಒರೆಸಿಕೊಂಡ.

‘ಬೀಡಿ ಬಿಡು ಧರ್ಮಪ್ಪ’ ಎಂದೆ.

‘ಬೀಡಿ ಸೇದಲ್ಲ ಸಾರ್ ನಾನು.’

‘ಹಾಗಾದ್ರೆ ರಸ್ತೆ ಧೂಳು.’

‘ಹೌದು ಸಾರ್. ಧೂಳು’ ಎಂದ.

ಹೊರಗೆ ಮಳೆ ಸುರಿಯುತ್ತಿತ್ತು. ಮೂರು ದಿನದಿಂದ ಬಿಟ್ಟಿರಲಿಲ್ಲ. ಕೆಮ್ಮಿದವರನ್ನು ಗುರುತಿಸುವುದಕ್ಕೆ ಸರ್ಕಾರ ನನಗೆ ಸಂಬಳ ಕೊಡುತ್ತಿತ್ತು.

ಅದೇ ಸಮಯಕ್ಕೆ ಹಳೆಯ ವೈದ್ಯರು ವರ್ಗವಾಗಿ ಒಬ್ಬ ಡಾಕ್ಟರಮ್ಮ ಬಂದರು. ಮೈಸೂರು ಕಡೆಯವರು, ಮಾತು ಕಡಿಮೆ. ಬಂದು ಹತ್ತು ದಿನವಾಗಿತ್ತು. ನಾನು ಈರಪ್ಪನ ಕಡತ ಹಿಡಿದುಕೊಂಡು ಹೋಗಿ, ಐದು ವಾರದಿಂದ ಹುಡುಕಿದರೂ ರೋಗಿ ಸಿಗುತ್ತಿಲ್ಲ ಎಂದು ವರದಿ ಒಪ್ಪಿಸಿದೆ. ಅವರು ಅದನ್ನು ಓದದೆ ಪಕ್ಕಕ್ಕಿಟ್ಟು ಕೇಳಿದರು: ‘ದಿನಾ ಬೆಳಗ್ಗೆ ಒಂಬತ್ತೂವರೆಗೆ ನಿಮ್ಮ ಕಿಟಕಿ ಹತ್ರ ಒಂದು ಕೆಮ್ಮು ಬಂದು ಹೋಗುತ್ತಲ್ಲ, ಅದು ಯಾರದು?’

ಕೋಣೆಗೆ ಹೋಗಿ ಈರಪ್ಪನ ಡಬ್ಬಿಯ ಮೇಲಿದ್ದ ಚೀಟಿ ಹುಡುಕಿ ತೆಗೆದೆ. ನೇರಳೆ ಬಣ್ಣದ ಪೆನ್ಸಿಲಿನಲ್ಲಿ ಬರೆದದ್ದು. ಜೇಬಿನಲ್ಲಿ ನಿಟ್ಟೂರಿಗೆ ಹೋಗಿಬಂದ ಟಿಕೇಟುಗಳಿದ್ದವು, ಭತ್ಯೆಯ ಬಿಲ್ಲಿಗೆಂದು ಇಟ್ಟುಕೊಂಡಿದ್ದೆ. ಅದರ ಮೇಲೂ ನೇರಳೆ ಪೆನ್ಸಿಲು. ಅದೇ ನಿಟ್ಟೂರು, ಅದೇ ದುಂಡನೆಯ ಅಕ್ಷರ. ಸುಮಾರು ಹೊತ್ತು ಎರಡನ್ನೂ ನೋಡುತ್ತ ಕೂತೆ. ನಾಚಿಕೆಯಾಯಿತು ಎಂದರೆ ಕಡಿಮೆ. ಐದು ವಾರ ಅವನು ಎದುರಿಗೇ ನಿಂತು ಮಾತ್ರೆ ಬೇಡಿದ್ದ, ನಾನು ನಿಯಮ ಹೇಳಿ ಕಳಿಸಿದ್ದೆ.

ಮರುದಿನ ಪೆಟ್ಟಿಗೆ ಇಟ್ಟು ಹೊರಟವನನ್ನು ಡಾಕ್ಟರಮ್ಮ ಒಳಗೆ ಕರೆದರು. ಕೂರಿಸಿ, ಅತ್ಯಂತ ಸಾಮಾನ್ಯ ಧ್ವನಿಯಲ್ಲಿ ಕೇಳಿದರು: ‘ಎಷ್ಟು ದಿನದಿಂದ ಕೆಮ್ಮು, ಈರಪ್ಪ?’

‘ನಾಲ್ಕ್ ತಿಂಗ್ಳಾತು ಮೇಡಂ’ ಎಂದ ಧರ್ಮಪ್ಪ. ಆಮೇಲೆ ನನ್ನ ಮುಖ ನೋಡಿದ. ಆಮೇಲೆ ನೆಲ ನೋಡಿದ.

ಹೊರಗೆ ಡ್ರೈವರ್ ಹಾರ್ನ್ ಹೊಡೆಯುತ್ತಿದ್ದ. ಧರ್ಮಪ್ಪ ಏಳಲಿಲ್ಲ. ‘ಹೆಸ್ರು ಹೊರಗ್ ಬಿದ್ರೆ ನಾಳೆಯಿಂದ ಬಸ್ ಹತ್ತಂಗಿಲ್ಲ ಮೇಡಂ. ಮಾಲೀಕ್ರು ಬಿಡ್ಲಿ, ಜನ ನನ್ ಕೈಯಿಂದ ಟಿಕೇಟ್ ಇಸ್ಕಂತಾರಾ? ಮನೇಲೂ ಹೇಳಿಲ್ಲ. ನಮ್ಮ ದೊಡ್ಡಪ್ಪಂಗೆ ಇದೇ ಆಗಿದ್ದು. ಕೊಟ್ಟಿಗೆ ಪಕ್ಕ ಒಂದು ಗುಡಿಸ್ಲು ಕಟ್ಟಿ ಅಲ್ಲೇ ಇಟ್ಟಿದ್ರು. ತಟ್ಟೇನ ಕೋಲಲ್ಲಿ ದೂಡ್ತಿದ್ರು. ನಾನೇ ದೂಡಿದೀನಿ.’

ಡಾಕ್ಟರಮ್ಮ ಪೆನ್ನು ತೆಗೆದರು. ‘ಎರಡು ತಿಂಗಳು ಬಸ್ಸಿಗೆ ಹೋಗ್ಬಾರ್ದು. ಅಷ್ಟೂ ಜನಕ್ಕೆ ಅಂಟಿಸ್ತೀಯ. ದಿನಾ ಬಂದು ಇಂಜೆಕ್ಷನ್ ತಗೋಬೇಕು. ರಜೆ ಚೀಟೀಲಿ ಕಾಮಾಲೆ ಅಂತ ಬರೀತೀನಿ’ ಎಂದರು. ಆಮೇಲೆ ನನ್ನ ಕಡೆ ತಿರುಗಿ, ‘ಸುಳ್ಳು ಬರೆಯೋದು ನಂಗೆ ಇಷ್ಟ ಇಲ್ಲ ಕಣ್ರೀ. ನಿಜ ಬರೆದ್ರೆ ಇವ್ನು ನಾಳೆಯಿಂದ ಬರಲ್ಲ’ ಎಂದರು.

ಕಾಮಾಲೆ ಮರ್ಯಾದಸ್ಥ ಕಾಯಿಲೆ. ಅದರಿಂದ ಯಾರಿಗೂ ಮಾನ ಹೋಗುವುದಿಲ್ಲ, ಬದಲಿಗೆ ಊರಿಗೆ ಊರೇ ಔಷಧಿ ಹೇಳುತ್ತದೆ. ಆದರೆ ನಾವಿಬ್ಬರೂ ಒಂದು ವಿಷಯ ಮರೆತಿದ್ದೆವು. ಕಾಮಾಲೆಗೆ ಪಥ್ಯವಿದೆ. ಕ್ಷಯದವನಿಗೆ ಮೊಟ್ಟೆ, ಹಾಲು, ಮೀನು ಎಂದು ತಿನ್ನಿಸಿ ಮೈ ತುಂಬಿಸಬೇಕು. ಜಯಮ್ಮ ಗಂಡನಿಗೆ ಎಣ್ಣೆ, ಖಾರ, ಒಗ್ಗರಣೆ ಎಲ್ಲ ನಿಲ್ಲಿಸಿ, ಬೆಳಗ್ಗೆ ಖಾಲಿ ಹೊಟ್ಟೆಗೆ ನೆಲನೆಲ್ಲಿ ಅರೆದು ಕುಡಿಸಿ, ಮಧ್ಯಾಹ್ನ ಮಜ್ಜಿಗೆ ಅನ್ನ, ರಾತ್ರಿ ಗಂಜಿ ಹಾಕುತ್ತಿದ್ದಳು. ಸಾಲದ್ದಕ್ಕೆ ನೆಂಟರು ಮೂರು ಊರಿನಿಂದ ಮೂರು ಬಗೆಯ ಬೇರು ತಂದುಕೊಟ್ಟಿದ್ದರು. ಮೂರನೆಯ ವಾರ ಧರ್ಮಪ್ಪನನ್ನು ತಕ್ಕಡಿಯ ಮೇಲೆ ನಿಲ್ಲಿಸಿದರೆ ತೂಕ ಇಳಿದಿತ್ತು. ಡಾಕ್ಟರಮ್ಮ ಒಂದು ಚೀಟಿಯಲ್ಲಿ, ‘ಇದು ಬೇರೆ ಜಾತಿಯ ಕಾಮಾಲೆ, ದಿನಕ್ಕೆರಡು ಮೊಟ್ಟೆ ಕೊಡತಕ್ಕದ್ದು’ ಎಂದು ಬರೆದು ರುಜು ಹಾಕಿ ಕಳಿಸಿದರು. ವೈದ್ಯಶಾಸ್ತ್ರಕ್ಕೆ ಅದು ಅವರ ಸ್ವಂತ ಕೊಡುಗೆ. ಜಯಮ್ಮ ಅದನ್ನು ಪಾಲಿಸಿದಳು, ನೆಲನೆಲ್ಲಿಯನ್ನೂ ನಿಲ್ಲಿಸಲಿಲ್ಲ.

ಚಿಕಿತ್ಸೆಯ ಕಾರ್ಡು ಈರಪ್ಪನ ಹೆಸರಿನಲ್ಲೇ ಮುಂದುವರಿಯಿತು. ಅದನ್ನು ತುಂಬಿದವನು ನಾನು. ಅದರಲ್ಲೊಂದು ಕಾಲಂ ಇತ್ತು: ಮನೆಯವರ ಪರೀಕ್ಷೆ. ಯಾರಿಗೆ ಕ್ಷಯ ಬಂದರೂ ಅವರ ಮನೆಯಲ್ಲಿ ಇರುವವರನ್ನೆಲ್ಲ ಕರೆಸಿ ನೋಡಬೇಕು, ಒಂದೇ ಸೂರಿನಡಿ ಮಲಗುವವರಿಗೇ ಮೊದಲು ಅಂಟುವುದು. ಈರಪ್ಪನಿಗೆ ಹೆಂಡತಿ ಇದ್ದಾಳೆ ಎಂದು ಬರೆದರೆ ಹೆಂಡತಿಯನ್ನು ತೋರಿಸಬೇಕಾಗುತ್ತಿತ್ತು. ನಾನು ‘ಒಂಟಿ’ ಎಂದು ಬರೆದೆ.

ಧರ್ಮಪ್ಪನಿಗೆ ಹೇಳಲಿಲ್ಲವೆಂದಲ್ಲ. ‘ಜಯಮ್ಮನ್ನ ಒಂದ್ ದಿನ ಕರ್ಕೊಂಡ್ ಬಾ, ಕಫ ನೋಡ್ಬೇಕು’ ಎಂದೆ.

‘ಎಂತ ಹೇಳಿ ಕರ್ಕಂಬರ್ಲಿ ಸಾರ್? ಕಾಮಾಲೆಗೆ ನನ್ ಕಫ ಯಾಕೆ ಅಂತ ಕೇಳ್ತಾಳೆ. ಅವ್ಳಿಗೆ ಕೆಮ್ಮೂ ಇಲ್ಲ.’

ಹೌದಲ್ಲ ಎನ್ನಿಸಿತು. ಡಾಕ್ಟರಮ್ಮ ಎರಡು ಸಲ ಕೇಳಿದರು. ಎರಡು ಸಲವೂ ‘ಹೇಳಿದ್ದೀನಿ ಮೇಡಂ’ ಎಂದೆ. ಮೂರನೆಯ ಸಲ ಕೇಳುವ ಮೊದಲು ಅವರಿಗೆ ವರ್ಗವಾಯಿತು.

ಎರಡು ತಿಂಗಳ ಮೇಲೆ ಕಫದಲ್ಲಿ ಕ್ರಿಮಿ ಇರಲಿಲ್ಲ. ಧರ್ಮಪ್ಪ ಬಸ್ಸು ಹತ್ತಿದ. ಮಾತ್ರೆಗಳನ್ನು ತಿಂಗಳಿಗೊಮ್ಮೆ, ಪೆಟ್ಟಿಗೆ ಇಡುವ ನೆಪದಲ್ಲಿ, ಒಂದು ದಿನವೂ ತಪ್ಪದೆ ಬಂದು ಒಯ್ಯುತ್ತಿದ್ದ. ಆ ವರ್ಷ ತಪಾಸಣೆಗೆ ಬಂದ ಮೇಲಧಿಕಾರಿಯೊಬ್ಬರು ಕಾರ್ಡುಗಳನ್ನು ತಿರುವಿಹಾಕುತ್ತ ಈರಪ್ಪನ ಕಾರ್ಡಿನಲ್ಲಿ ನಿಂತರು. ಸಾಮಾನ್ಯವಾಗಿ ಅವರು ಬೈಯಲು ನಿಲ್ಲುತ್ತಿದ್ದರು. ಅಂದು, ‘ನೋಡ್ರೀ, ಇದಪ್ಪಾ ಶಿಸ್ತು. ಅಷ್ಟು ದೂರದ ಹಳ್ಳಿಯವನು, ಒಂಟಿ ಮನುಷ್ಯ, ಒಂದು ತಿಂಗಳೂ ತಪ್ಪಿಲ್ಲ. ಇವನನ್ನ ಒಂದು ಸಭೆಯಲ್ಲಿ ಮಾತಾಡಿಸ್ಬೇಕು’ ಎಂದರು. ನಾನು, ಆತ ಸಂಕೋಚದ ಮನುಷ್ಯ ಎಂದೆ. ಅಂದು ಅವರ ಜೀಪು ಕೆಟ್ಟಿತ್ತು. ಸಾಗರಕ್ಕೆ ಧರ್ಮಪ್ಪನ ಬಸ್ಸಿನಲ್ಲೇ ಹೋದರು. ಟಿಕೇಟು ಹರಿಯುವಾಗ, ‘ನಿಟ್ಟೂರಿಂದ ಬರೋ ಬಸ್ಸೇನಪ್ಪಾ ಇದು? ಅಲ್ಲಿ ಈರಪ್ಪ ಅಂತ ಒಬ್ಬ ಇದ್ದಾನಲ್ಲ, ಗೊತ್ತಾ?’ ಎಂದು ಕೇಳಿದರಂತೆ. ‘ಗೊತ್ತು ಸಾರ್, ಒಳ್ಳೇ ಜನ’ ಎಂದನಂತೆ ಧರ್ಮಪ್ಪ. ಇದನ್ನು ನನಗೆ ಹೇಳಿ ಅವನು ನಕ್ಕ. ಆ ಒಂದೂವರೆ ವರ್ಷದಲ್ಲಿ ಅವನು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಈರಪ್ಪ ಗುಣವಾದ. ಕಾರ್ಡಿನ ಕೊನೆಯಲ್ಲಿ ‘ಚಿಕಿತ್ಸೆ ಪೂರ್ಣ’ ಎಂದು ಬರೆದು ಮುಗಿದ ಕಾರ್ಡುಗಳ ಕಟ್ಟಿಗೆ ಸೇರಿಸಿದೆ. ನಾನೂ ಧರ್ಮಪ್ಪನೂ ಬಹಳ ಜಾಣರು ಎಂದುಕೊಂಡೆ.

ನನಗೆ ತೀರ್ಥಹಳ್ಳಿಗೆ ವರ್ಗವಾಯಿತು. ಅಲ್ಲಿ ಮಂಡಗದ್ದೆ, ಮೇಗರವಳ್ಳಿ ಕಡೆಯ ಕೆಲವು ವರ್ಷಗಳ ತಿರುಗಾಟದ ನಂತರ ಸಾಗರಕ್ಕೆ ಬಂದೆ. ಅಷ್ಟರಲ್ಲಿ ಕೆಲಸದ ರೀತಿ ಬದಲಾಗುತ್ತಿತ್ತು. ಒಂದೂವರೆ ವರ್ಷದ ಚಿಕಿತ್ಸೆ ಹೋಗಿ, ಕೆಲವೇ ತಿಂಗಳಲ್ಲಿ ಮುಗಿಯುವ ಹೊಸ ಔಷಧಿ ಬಂದಿತ್ತು. ಅದನ್ನು ನುಂಗಿದರೆ ಮೂತ್ರ ಕೆಂಪಾಗುತ್ತದೆ. ಮೊದಲೇ ಹೇಳಿಟ್ಟರೆ ತೊಂದರೆಯಿಲ್ಲ. ಒಬ್ಬ ನಿವೃತ್ತ ಮೇಷ್ಟರಿಗೆ ಹೇಳುವುದನ್ನು ಮರೆತೆ. ಅವರು ಮರುದಿನ ಬೆಳಗ್ಗೆ ಬಚ್ಚಲಿನಿಂದ ಹೊರಬಂದು, ಯಾರಿಗೂ ಏನೂ ಹೇಳದೆ, ನೆಟ್ಟಗೆ ವಕೀಲರ ಮನೆಗೆ ಹೋಗಿ ಉಯಿಲು ಬರೆಸಿದರು. ಗುಣವಾದ ಮೇಲೂ ಆ ಉಯಿಲಿನಿಂದಾಗಿ ಅವರ ಮನೆಯಲ್ಲಿ ಸುಮಾರು ದಿನ ಮಾತುಕತೆ ಇರಲಿಲ್ಲ.

ಸಾಗರದಲ್ಲಿ ಮಂಗಳವಾರ ನಮ್ಮ ಕಿಟಕಿಯ ಮುಂದೆ ದೊಡ್ಡ ಸಾಲು. ಅಂಥ ಒಂದು ಮಂಗಳವಾರ ಸಾಲು ಬಿಟ್ಟು ಪಕ್ಕದ ಬಾಗಿಲಿನಿಂದ ಒಬ್ಬರು ಒಳಗೆ ಇಣುಕಿದರು. ಖಾಕಿ ಅಂಗಿ, ಕಿವಿಯ ಮೇಲೆ ನರೆ. ಧರ್ಮಪ್ಪ. ಮಾಲೀಕರು ಅವನನ್ನು ಸಾಗರದಿಂದ ಹೊರಡುವ ಬಸ್ಸಿಗೆ ಹಾಕಿದ್ದರಂತೆ, ಸಂಸಾರವೂ ಇಲ್ಲೇ. ನನಗೆ ಸಂತೋಷವಾಯಿತು. ಅವನು ನಗಲಿಲ್ಲ.

‘ಜಯಮ್ಮಂಗೆ ಕೆಮ್ಮು ಸಾರ್. ಎರಡ್ ತಿಂಗ್ಳಾತು. ನಿನ್ನೆ ಕಫದಾಗೆ ರಕ್ತ ಬಂತು’ ಎಂದ. ಧ್ವನಿ ತಗ್ಗಿಸಿ, ‘ಬೇರೆ ಹೆಸ್ರಲ್ಲಿ ಬರ್ಕೊಳ್ಳಿ ಸಾರ್. ಪಾರ್ವತಿ ಅಂತ ಹಾಕಿ. ಊರು ಯಾವ್ದಾದ್ರೂ ಹಾಕಿ’ ಎಂದ.

ಯಾವಾಗ ಅಂಟಿತು ಎಂದು ಈ ರೋಗ ಹೇಳುವುದಿಲ್ಲ, ವರ್ಷಗಟ್ಟಲೆ ಒಳಗೆ ಕೂತಿದ್ದು ಏಳಬಹುದು. ನಾನು ನಿಯಮ ಹೇಳುತ್ತ ಕಳೆದ ಐದು ವಾರಗಳಲ್ಲೇ ಇರಬಹುದು, ಅದಕ್ಕೂ ಹಿಂದೆಯೇ ಇರಬಹುದು. ಆದರೆ ‘ಒಂಟಿ’ ಎಂದು ಬರೆದದ್ದು ನಾನು. ಅಂದು ಆಕೆಯ ಎದೆ ನೋಡಿದ್ದರೆ, ಆಮೇಲೂ ಕಣ್ಣಿಟ್ಟಿದ್ದರೆ, ಎರಡು ತಿಂಗಳ ಕೆಮ್ಮು ಎರಡು ವಾರಕ್ಕೇ ನನ್ನ ಮುಂದೆ ಬಂದಿರುತ್ತಿತ್ತು. ಈ ತಪ್ಪನ್ನು ನಾನು ಬೇರೆ ಯಾರ ಹೆಸರಿಗೂ ಬರೆಯಲಾರೆ. ಜಯಮ್ಮ ಹೊಸ ಔಷಧಿಯಲ್ಲಿ ಗುಣವಾದಳು, ಅದನ್ನು ಈಗಲೇ ಹೇಳಿಬಿಡುತ್ತೇನೆ. ಒಂದು ಶ್ವಾಸಕೋಶ ಮಾತ್ರ ಮೊದಲಿನಂತಾಗಲಿಲ್ಲ. ಏರು ಹತ್ತುವಾಗ ನಿಂತು ನಿಂತು ಹತ್ತಬೇಕಾಯಿತು.

ಇಷ್ಟೆಲ್ಲ ಗೊತ್ತಿದ್ದೂ ಅಂದು ನಾನು ಫಾರಂ ಎಳೆದುಕೊಂಡು ‘ಪಾ’ ಎಂದು ಬರೆದಿದ್ದೆ. ಅಭ್ಯಾಸ.

ಅಷ್ಟರಲ್ಲಿ ಸಾಲಿನಲ್ಲಿ ಆಕೆಯ ಸರದಿ ಬಂತು. ಕಿಟಕಿಯ ಮುಂದೆ ನಿಂತು, ಗಂಡ ನನ್ನ ಪಕ್ಕದಲ್ಲಿರುವುದನ್ನೂ ನನ್ನ ಕೈಯಲ್ಲಿ ಪೆನ್ನಿರುವುದನ್ನೂ ನೋಡಿದಳು.

‘ಜಯಮ್ಮ ಅಂತ ಬರ್ಕಳಿ ಸಾರ್’ ಎಂದಳು. ಸಾಲಿಗೆಲ್ಲ ಕೇಳುವಂತೆ. ‘ಇವ್ರು ಎಂತ ಹೇಳಿದ್ರೋ ಅದು ಬ್ಯಾಡ.’

ನಾನು ‘ಪಾ’ ಹೊಡೆದುಹಾಕಿ ಜಯಮ್ಮ ಎಂದು ಬರೆದೆ. ಗಂಡನ ಹೆಸರು ಕೇಳಿದೆ. ನಮ್ಮ ಕಡೆಯ ಹೆಂಗಸರು ಗಂಡನ ಹೆಸರು ಬಾಯಲ್ಲಿ ಹೇಳುವವರಲ್ಲ. ಪಕ್ಕದವರ ಮುಖ ನೋಡುತ್ತಾರೆ, ಅವರು ಹೇಳುತ್ತಾರೆ. ಇಷ್ಟು ವರ್ಷ ಕಿಟಕಿಯಲ್ಲಿ ಕೂತವನಿಗೆ ಅದು ಅಭ್ಯಾಸವಾಗಿ, ನಾನೂ ಧರ್ಮಪ್ಪನ ಕಡೆ ನೋಡಿದೆ. ಜಯಮ್ಮ ಯಾರ ಮುಖವನ್ನೂ ನೋಡಲಿಲ್ಲ.

‘ಧರ್ಮಪ್ಪ. ಬಸ್ ಕಂಡಕ್ಟರ್ ಧರ್ಮಪ್ಪ’ ಎಂದಳು.

ಆಮೇಲೆ ನನ್ನನ್ನು ಕೇಳಿದಳು: ‘ಮೊನ್ನೆ ಎಲ್ಲ ಹೇಳಿದ್ರು ಇವ್ರು. ಎರಡ್ ತಿಂಗ್ಳು ನಾನು ನೆಲನೆಲ್ಲಿ ಅರೆದಿದ್ದು ಎಂತಕ್ಕೆ ಅಂತ. ನಿಮಗೂ ಗೊತ್ತಿತ್ತು, ಅಲ್ದಾ ಸಾರ್?’

‘ಗೊತ್ತಿತ್ತಮ್ಮ’ ಎಂದೆ.

ಆಕೆ ತಲೆಯಾಡಿಸಿದಳು. ‘ಮುಂದಿಂದು ಕೇಳಿ’ ಎಂದಳು.

ಮುಂದಿನ ಪ್ರಶ್ನೆ, ಮನೆಯಲ್ಲಿ ಈ ಹಿಂದೆ ಯಾರಿಗಾದರೂ ಈ ಕಾಯಿಲೆ ಇತ್ತೇ ಎಂಬುದು. ಅದನ್ನು ಆದಷ್ಟು ಮೆಲ್ಲಗೆ ಕೇಳಿದೆ. ಜಯಮ್ಮ ಗಂಡನ ಕಡೆ ತಿರುಗಿ, ‘ಹೇಳಿ’ ಎಂದಳು.

ಸಾಲಿನಲ್ಲಿದ್ದ ಅರ್ಧಕ್ಕರ್ಧ ಜನ ಧರ್ಮಪ್ಪನ ಬಸ್ಸಿನಲ್ಲೇ ಬಂದವರು. ಅವನು ಎಲ್ಲರನ್ನೂ ಒಮ್ಮೆ ನೋಡಿದ. ತುಟಿ ಅಲ್ಲಾಡಿತು.

‘ಸಾರ್‌ಗೆ ಕೇಳಿಸ್ಲಿಲ್ಲ’ ಎಂದಳು ಜಯಮ್ಮ.

‘ನಂಗಿತ್ತು’ ಎಂದ. ಗಂಟಲು ಸರಿಮಾಡಿಕೊಂಡು, ‘ನಂಗೇ ಇತ್ತು ಸಾರ್, ಟಿ.ಬಿ. ಹೊಸನಗರದಾಗೆ ಇದ್ದಾಗ’ ಎಂದ.

ಬರೆದುಕೊಂಡೆ. ಸಾಲಿನಲ್ಲಿದ್ದ ಇಬ್ಬರು ಗಂಡಸರು ಹಿಂದೆ ಸರಿದು ಗೋಡೆಗೆ ಒರಗಿ ನಿಂತರು. ಧರ್ಮಪ್ಪ ಅದನ್ನು ನೋಡಿದ. ಜಯಮ್ಮನೂ ನೋಡಿದಳು. ಆಗ ಆ ಇಬ್ಬರ ಹಿಂದೆ ಇದ್ದ, ಕೈಯಲ್ಲಿ ಚೀಲ ಹಿಡಿದ ಒಬ್ಬ ವಯಸ್ಸಾದ ಹೆಂಗಸು ಕೇಳಿದರು:

‘ಕಂಡಕ್ಟ್ರೇ, ಹನ್ನೆರಡು ಗಂಟೆ ಗಾಡಿಗೆ ನೀವೇ ಬರ್ತೀರಾ ಇವತ್ತು?’

ಧರ್ಮಪ್ಪ ಅವರ ಕಡೆ ತಿರುಗಿದ. ‘ಬರ್ತೀನಿ ಅಮ್ಮ’ ಎಂದ.

‘ಹಂಗಾದ್ರೆ ನಂಗೊಂದು ಸೀಟ್ ಹಿಡ್ದಿಡಿ’ ಎನ್ನುತ್ತ ಅವರು, ಆ ಇಬ್ಬರು ಬಿಟ್ಟುಹೋದ ಜಾಗಕ್ಕೆ ಎರಡು ಹೆಜ್ಜೆ ಮುಂದೆ ಬಂದು, ಜಯಮ್ಮನ ಬೆನ್ನಿಗೇ ನಿಂತುಕೊಂಡರು.